ಕಪ್ಪು ದ್ರವ್ಯಕ್ಕೊಂದು ಸನ್ನೆ

ಅವಳ ಕೈಗಳಿಗೆ ಎಷ್ಟು ಬೆಳಕು ಕೊಡಬಹುದು ಎನ್ನುವುದರ ಮೇಲೆ ಮಧ್ಯಾಹ್ನದಿಂದ ಜಗ್ಗಾಟ ನಡೆದಿತ್ತು. ತಾರಾಲಯದ ಆಪರೇಟರನಿಗೆ ಒಂದು ಚೂರೂ ಬೆಳಕು ಬೇಡ. ಗುಮ್ಮಟದ ಮೇಲೆ ಆಕಾಶ ಮೂಡಬೇಕಾದರೆ ಕೆಳಗೆ ಕಗ್ಗತ್ತಲೆಯೇ ಇರಬೇಕು, ಯಾರೋ ಒಬ್ಬರು ಮೊಬೈಲ್ ತೆಗೆದರೂ ನಕ್ಷತ್ರ ಮಂಕಾಗುತ್ತದೆ, ಅಂಥಾದ್ದರಲ್ಲಿ ಈಯಮ್ಮ ದೀಪ ಹಾಕಿಸಿಕೊಂಡು ನಿಂತರೆ ಬಂದ ಜನ ನೋಡುವುದೇನನ್ನು, ಈಯಮ್ಮನನ್ನೇ? "ಮೇಡಂ, ಬೇಜಾರು ಮಾಡ್ಕೋಬೇಡಿ, ಕೈಸನ್ನೆ ಬದಲು ಮೈಕಿನಲ್ಲೇ ಹೇಳಿಬಿಡಬಹುದಲ್ಲ?" ಎಂದ. "ಕಿವುಡರಿಗೆ?" ಎಂದಳು ಅವಳು. "ಓ, ಹೌದಲ್ಲ," ಎಂದು ತಲೆ ಕೆರೆದುಕೊಂಡು, ತನ್ನ ಪೆದ್ದುತನಕ್ಕೆ ತಾನೇ ನಕ್ಕು, ಕೊನೆಗೆ ಒಂದು ಟೇಬಲ್ ಲ್ಯಾಂಪಿಗೆ ಕೆಂಪು ಕಾಗದ ಸುತ್ತಿ ವೇದಿಕೆಯ ಮೂಲೆಯಲ್ಲಿಟ್ಟ. ಬೆಳಕು ಅವಳ ಸೊಂಟದಿಂದ ಗಲ್ಲದವರೆಗೆ ಬಿತ್ತು. "ಎಲ್ಲಿ, ಒಂಚೂರು ಕೈ ಆಡಿಸಿ ನೋಡೋಣ," ಎಂದ. ಹೀಗೆ ಯಾರಾದರೂ ಕೇಳಿದಾಗ ಅವಳು ಒಂದು, ಎರಡು, ಮೂರು ಎಂದು ಎಣಿಸಿ ತೋರಿಸುವುದು ರೂಢಿ. ಈಗ ಯೋಚನೆ ಮಾಡುವ ಮೊದಲೇ ಕೈ ತಾನಾಗಿ ಎದ್ದು "ಏನು ಅಂತ ಗೊತ್ತಿಲ್ಲ, ನೋಡೋಣ" ಎಂದುಬಿಟ್ಟಿತು. ಆಪರೇಟರ್ "ಸೂಪರ್" ಎಂದ. ಅವಳು ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡಳು. ಹಾಳಾದ ಕೈ, ಆಸ್ಪತ್ರೆಯಿಂದ ಬಂದಾಗಿನಿಂದ ಅದೊಂದೇ ಮಾತನ್ನು ಹಿಡಿದುಕೊಂಡು ಕೂತಿದೆ.

ಅವಳು ಸನ್ನೆಭಾಷೆಯ ದುಭಾಷಿ. ಕೋರ್ಟು, ಬ್ಯಾಂಕು, ಶಾಲೆ, ಗಂಡಹೆಂಡಿರ ಜಗಳ, ಎಲ್ಲಿ ಕಿವುಡರಿಗೂ ಕಿವಿಯಿದ್ದವರಿಗೂ ನಡುವೆ ಒಬ್ಬರು ನಿಲ್ಲಬೇಕೋ ಅಲ್ಲಿ ನಿಲ್ಲುವವಳು. ನಿಲ್ಲುವುದೆಂದರೆ ಇಲ್ಲದ ಹಾಗೆ ನಿಲ್ಲುವುದು. ಜಡ್ಜು "ನಾನು ಆದೇಶಿಸುತ್ತೇನೆ" ಎಂದರೆ ಅವಳ ಕೈಯೂ ಅವಳ ಎದೆಯನ್ನೇ ಮುಟ್ಟಿ "ನಾನು ಆದೇಶಿಸುತ್ತೇನೆ" ಎನ್ನಬೇಕು. ಕಟಕಟೆಯಲ್ಲಿರುವ ಕಿವುಡ "ನನಗೆ ಹೆದರಿಕೆ" ಎಂದು ಸನ್ನೆ ಮಾಡಿದರೆ ಅವಳ ಬಾಯಿ "ನನಗೆ ಹೆದರಿಕೆ" ಎಂದೇ ಹೇಳಬೇಕು. "ಅವರು ಹೇಳ್ತಿದಾರೆ" ಎಂದು ಬಾಲ ಹಚ್ಚುವ ಹಾಗಿಲ್ಲ. ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ, ಮೆತ್ತಗೆ ಮಾಡುವ ಹಾಗಿಲ್ಲ. ಹೊಸದಾಗಿ ಕಲಿಯಲು ಬಂದವರಿಗೆ ಇದನ್ನು ಅವಳು ಎಷ್ಟು ಬಿಗಿಯಾಗಿ ಹೇಳಿಕೊಡುತ್ತಿದ್ದಳೆಂದರೆ ಅವರು ಬೆನ್ನ ಹಿಂದೆ ಅವಳನ್ನು "ಹೆಡ್‌ಮಾಸ್ಟರ್" ಎನ್ನುತ್ತಿದ್ದರು. ಇನ್ನೊಂದು ನಿಯಮವನ್ನೂ ಹೇಳಿಕೊಡುತ್ತಿದ್ದಳು: ಸ್ವಂತ ಮನೆಯವರಿಗೆ ದುಭಾಷಿಯಾಗಬೇಡಿ, ಅಲ್ಲಿ ಕೈ ಸುಳ್ಳು ಹೇಳುತ್ತದೆ. ಹೇಳಿಕೊಡುವುದೇನು, ಎಷ್ಟು ಬೇಕಾದರೂ ಹೇಳಿಕೊಡಬಹುದು. ಆಸ್ಪತ್ರೆಯಲ್ಲಿ ಬೇರೆ ಯಾರೂ ಸಿಗಲಿಲ್ಲ, ಅಪ್ಪನೂ "ನೀನಿರುವಾಗ ಬೇರೆಯವರ್ಯಾಕೆ, ನನ್ನ ಹೊಟ್ಟೆ ವಿಷಯ ಊರಿಗೆಲ್ಲ ಗೊತ್ತಾಗಲಿ ಅಂತಾನಾ?" ಎಂದ. ಆ ಡಾಕ್ಟರರ ಕೋಣೆಯಲ್ಲಿ ಫ್ಯಾನ್ ಕಿರಗುಟ್ಟುತ್ತಿತ್ತು. ಮೇಜಿನ ಗಾಜಿನ ಕೆಳಗೆ ಯಾರೋ ಮಕ್ಕಳ ಫೋಟೋ. "ಲಿವರಿನಲ್ಲಿರೋದು ಕ್ಯಾನ್ಸರ್. ಬೇರೆ ಕಡೆಗೂ ಹರಡಿದೆ. ಆಪರೇಷನ್ ಮಾಡೋ ಹಂತ ದಾಟಿಹೋಗಿದೆ. ನೋವಾಗದ ಹಾಗೆ ನೋಡ್ಕೋಬಹುದು, ಅಷ್ಟೇ. ಇನ್ನು ಕೆಲವು ತಿಂಗಳು. ನಿಧಾನವಾಗಿ ಹೇಳಿ ಅವರಿಗೆ," ಎಂದರು ಡಾಕ್ಟರು. ಅಪ್ಪ ಅವಳ ಕೈಗಳನ್ನೇ ನೋಡುತ್ತಿದ್ದ, ಅವಳು ಹುಟ್ಟಿದಾಗಿನಿಂದ ನೋಡಿದ ಹಾಗೆ, ನಂಬಿ. ಕೈ ಎದ್ದಿತು. "ನಾನು ನೋಡಿದೆ. ಹೊಟ್ಟೆಯಲ್ಲಿ ಊತ ಇದೆ. ಏನು ಅಂತ ಗೊತ್ತಿಲ್ಲ. ಮಾತ್ರೆ ಕೊಡ್ತೀನಿ, ನೋಡೋಣ." ನಾನು ಎಂದದ್ದು ಡಾಕ್ಟರು. ಸುಳ್ಳೂ ಡಾಕ್ಟರರದೇ ಆಯಿತು. ಅಪ್ಪ ತಲೆಯಾಡಿಸಿ, ಎದ್ದು, ಡಾಕ್ಟರರ ಎರಡೂ ಕೈ ಹಿಡಿದು ಕುಲುಕಿ ಹೆಬ್ಬೆರಳು ಎತ್ತಿ ತೋರಿಸಿದ. ಡಾಕ್ಟರರ ಕಣ್ಣು ತುಂಬಿತು. "ಎಂಥಾ ಗಟ್ಟಿ ಮನುಷ್ಯರಮ್ಮ ನಿಮ್ಮ ತಂದೆ! ಇಷ್ಟು ವರ್ಷದಲ್ಲಿ ಇಂಥವರನ್ನ ನೋಡಿಲ್ಲ," ಎಂದರು. ಏನಂತೆ ಎಂದು ಅಪ್ಪ ಕೇಳಿದ. "ನಿನ್ನದು ಗಟ್ಟಿ ಜೀವ ಅಂತೆ," ಎಂದಳು. ಅದೊಂದನ್ನು ಮಾತ್ರ ಅವಳು ಸರಿಯಾಗಿ ತಿಳಿಸಿದ್ದು.

ಇದೇನು ಹೊಸದಲ್ಲ. ಮೆತ್ತಗೆ ಮಾಡುವುದನ್ನು ಅವಳು ಹಲ್ಲು ಬೀಳುವ ವಯಸ್ಸಿನಲ್ಲೇ ಕಲಿತವಳು. ಅಪ್ಪ, ಈಗ ಇಲ್ಲದ ಅಮ್ಮ, ಇಬ್ಬರೂ ಕಿವುಡರು. ಪಾತ್ರೆ ಇಡುವಾಗ, ಬಾಗಿಲು ಹಾಕುವಾಗ ಎಷ್ಟು ಸದ್ದಾಗುತ್ತದೆಂದು ಅವರಿಗೇನು ಗೊತ್ತು. ಮಹಡಿಯ ಮನೆಯಾಕೆ ಇಳಿದುಬಂದು ಬಾಗಿಲಲ್ಲಿ ನಿಂತು "ಕಿವಿ ಇಲ್ಲದ ಜನಕ್ಕೆ ಮನೆ ಕೊಟ್ಟು ನಮ್ಮ ಕಿವಿ ತೂತಾಯ್ತು, ಮೂಗರ ಸಂತೆ ಆಗಿಹೋಗಿದೆ ಇದು," ಎಂದು ಕೂಗಾಡಿದಾಗ ಅಪ್ಪ ಅವಳ ಭುಜ ತಟ್ಟಿ ಏನಂತೆ ಎಂದ. ಫ್ರಾಕಿನ ತುದಿ ಹಿಂಡುತ್ತ ಅವಳು "ಆಂಟಿಗೆ ತಲೆನೋವಂತೆ" ಎಂದಳು. ಅಯ್ಯೋ ಪಾಪ ಎಂದು ಅಪ್ಪ ಒಳಗೆ ಓಡಿಹೋಗಿ ಅಮೃತಾಂಜನದಂಥದ್ದೇನೋ ಒಂದು ಮುಲಾಮಿನ ಡಬ್ಬಿ ತಂದು, ಆಕೆಯ ಕೈಯಲ್ಲಿಟ್ಟು, ಹಣೆಗೆ ಹೀಗೆ ಹೀಗೆ ಉಜ್ಜಿಕೊಳ್ಳಿ ಎಂದು ತೋರಿಸಿದ. ಆಕೆ ಡಬ್ಬಿ ಹಿಡಿದುಕೊಂಡು ಹಾಗೇ ಮೇಲೆ ಹೋದಳು. ಮುಂದೆ ಎಷ್ಟೋ ದಿನ ಅಪ್ಪ ಆಕೆ ಎದುರಾದಾಗಲೆಲ್ಲ ಹಣೆ ತೋರಿಸಿ ವಾಸಿಯಾಯಿತಾ ಎಂದು ಕೇಳುತ್ತಿದ್ದ. ಆಗ ಅವಳಿಗೆ ನಗುವೂ ಬರುತ್ತಿತ್ತು, ಎದೆಯೂ ಹೊಡೆದುಕೊಳ್ಳುತ್ತಿತ್ತು. ಈಗ ಎದೆ ಹೊಡೆದುಕೊಳ್ಳುವುದು ಮಾತ್ರ ಉಳಿದಿದೆ. ಫೋನಿನಲ್ಲಿ ಅಣ್ಣ "ಒಳ್ಳೇದೇ ಮಾಡಿದೆ ಬಿಡು, ಗೊತ್ತಾಗಿ ಏನಾಗಬೇಕು? ಇರೋಷ್ಟು ದಿನ ನೆಮ್ಮದಿಯಾಗಿರಲಿ," ಎಂದಿದ್ದ. ಅವನಿಗೇನು, ಅಪ್ಪನ ಹತ್ತಿರ ಊಟ, ನಿದ್ದೆ, ಬಾ, ಹೋಗು, ಇಷ್ಟರಾಚೆ ಕೈ ಓಡುವುದಿಲ್ಲ. ಸತ್ಯವಿರಲಿ, ಸುಳ್ಳು ಹೇಳುವಷ್ಟು ಸನ್ನೆಯೂ ಬರುವುದಿಲ್ಲ. ಎಲ್ಲ ಇವಳ ಕೈಯಿಂದಲೇ ಆಗಬೇಕು. ಬೆಳಿಗ್ಗೆ ಎದ್ದು ಕಾಫಿ ಕೊಡುವಾಗ ಒಂದು ಸಲ, ಮಾತ್ರೆ ಕೊಡುವಾಗ ಒಂದು ಸಲ, "ಇವತ್ತು ಮುಖ ಚೆನ್ನಾಗಿದೆ" ಎನ್ನುವಾಗ ಒಂದು ಸಲ.

ವೇದಿಕೆಯ ಮೇಲೆ ಪ್ರೊಫೆಸರು ಬಂದು ಮೈಕು ಸರಿಮಾಡಿಕೊಂಡರು. ಸಣಕಲು ಮನುಷ್ಯ, ತೋಳು ಮಡಿಸಿದ ಅಂಗಿ, ಮಾತಿಗೆ ಮುಂಚೆ ನಗು. "ಭಾಷಣದ ಪ್ರತಿ ಸಿಕ್ತಾ ಅಮ್ಮ ನಿಮಗೆ? ಕಷ್ಟ ಆಗಲಿಲ್ಲ ತಾನೆ? ನನಗೇ ಅರ್ಧ ಅರ್ಥ ಆಗಲ್ಲ," ಎಂದರು. ಸಿಕ್ಕಿತ್ತು. ತಲೆಬರಹ, "ಕಪ್ಪು ದ್ರವ್ಯ: ಹೆಸರಿನ ಅರ್ಥ, ಬಳಕೆ." ಓದಿ ಅವಳು ತಲೆ ಮೇಲೆ ಕೈಹೊತ್ತು ಕೂತಿದ್ದಳು, ಯಾಕೆಂದರೆ ಅದಕ್ಕೆ ಸನ್ನೆಯೇ ಇರಲಿಲ್ಲ. ಸನ್ನೆ ಹುಟ್ಟಿಸುವ ಹಕ್ಕು ಕಿವಿಯಿದ್ದವರಿಗಿಲ್ಲ. ಭಾಷೆ ಕಿವುಡರದು, ಪದವೂ ಅವರೇ ಕೊಡಬೇಕು. ಹಾಗಾಗಿ ಹೋದ ವಾರ ಕಿವುಡರ ಸಂಘದ ಕೋಣೆಯಲ್ಲಿ ಮೇಜಿನ ಸುತ್ತ ಏಳೆಂಟು ಮಂದಿ ಕೂತರು. ಅಪ್ಪ ಎಂದಿನಂತೆ ಯಜಮಾನಿಕೆ ವಹಿಸಿದ. ಸಂಘದ ಕಾರ್ಯದರ್ಶಿ, ದಪ್ಪ ಕನ್ನಡಕಕ್ಕಾಗಿ ಎಲ್ಲರೂ ಕಣ್ಣ ಸುತ್ತ ಬೆರಳು ತಿರುಗಿಸಿ ಕರೆಯುವ ಹೆಂಗಸು, ಮೊದಲು "ಕಪ್ಪು" "ವಸ್ತು" ಎಂದು ಎರಡು ಸನ್ನೆ ಜೋಡಿಸಿದಳು. "ಇದ್ದಿಲು!" ಎಂದು ಅಪ್ಪ ಬಿದ್ದು ಬಿದ್ದು ನಕ್ಕ. ಕಪ್ಪಲ್ಲ ಎಂದು, ಭಾಷಣ ಓದಿಕೊಂಡಿದ್ದ ಅವಳು ವಿವರಿಸಿದಳು. ಕಪ್ಪಾಗಿದ್ದರೆ ಬೆಳಕನ್ನು ತಡೆಯುತ್ತಿತ್ತು, ಇದು ತಡೆಯುವುದಿಲ್ಲ, ಬೆಳಕು ಸಲೀಸಾಗಿ ದಾಟಿ ಹೋಗುತ್ತದೆ. ಮುಟ್ಟಲು ಬರುವುದಿಲ್ಲ, ಕಾಣುವುದಿಲ್ಲ. ಮತ್ತೆ ಇದೆ ಅಂತ ಹೇಗೆ ಗೊತ್ತು ಎಂದು ಅಪ್ಪ ಹುಬ್ಬೇರಿಸಿದ. ನಕ್ಷತ್ರಗಳ ದೊಡ್ಡ ಚಕ್ರದಲ್ಲಿ ಅಂಚಿನ ನಕ್ಷತ್ರಗಳು ವಿಪರೀತ ಜೋರಾಗಿ ಸುತ್ತುತ್ತವೆ, ಆ ಓಟಕ್ಕೆ ಅವು ಚೆಲ್ಲಾಪಿಲ್ಲಿಯಾಗಬೇಕಿತ್ತು, ಆಗಿಲ್ಲ, ಕಾಣದ್ದೇನೋ ಎಳೆದು ಹಿಡಿದಿದೆ ಎಂದಳು. "ಹಾಗಾದರೆ ಕಪ್ಪು ಅಂತ ಯಾಕೆ ಕರೆದರು?" ಎಂದ ಅಪ್ಪ. "ಅಷ್ಟು ಓದಿದವರಿಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಿರಬೇಕು," ಎಂದು ಅಪ್ಪನೇ ಉತ್ತರ ಕೊಟ್ಟುಕೊಂಡು ಮೇಜು ಗುದ್ದಿದ, ಎಲ್ಲರೂ ಗುದ್ದಿದರು, ಟೀ ಲೋಟ ಕುಣಿದವು. ಆಮೇಲೆ ಅಪ್ಪ ಎಡ ಅಂಗೈಯನ್ನು ಖಾಲಿ ಬಿಚ್ಚಿ ಹಿಡಿದು, ಅದರ ಸುತ್ತ ಬಲಗೈ ಬೆರಳನ್ನು ಜೋರಾಗಿ ಸುತ್ತಿಸಿದ. ಬೆರಳು ಇನ್ನೇನು ಹಾರಿಹೋಗಬೇಕು ಎನ್ನುವಾಗ ಯಾರೋ ಎಳೆದ ಹಾಗೆ ಹಿಂದಕ್ಕೆ ಬಂತು. ಎಲ್ಲರ ಕೈಗಳೂ ಅದನ್ನೇ ಮಾಡಿದವು. ಪದ ಹುಟ್ಟಿತು. ಅವಳೂ ಮಾಡಿದಳು. ಅಪ್ಪ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿ "ಇನ್ನೂ ಸ್ಪಷ್ಟವಾಗಿ. ಇತ್ತೀಚೆಗೆ ನಿನ್ನ ಕೈ ಗೊಣಗುತ್ತೆ," ಎಂದ.

ಬಾಗಿಲು ತೆರೆದು ಜನ ಒಳಗೆ ಬರತೊಡಗಿದರು. ಸಂಘದವರಿಗೆ ಮುಂದಿನ ಎರಡು ಸಾಲು. ಅಪ್ಪ ಎಲ್ಲರಿಗಿಂತ ಹಿಂದೆ ಬಂದ, ಗೋಡೆ ಹಿಡಿದುಕೊಂಡು, ಹಿಡಿದುಕೊಂಡದ್ದು ಗೊತ್ತಾಗದ ಹಾಗೆ ಗೋಡೆಯ ಚಿತ್ರಗಳನ್ನು ನೋಡುವವನಂತೆ ನಟಿಸುತ್ತ. ಬೆಲ್ಟಿಗೆ ತಾನೇ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದ. ಉಳಿದ ತುದಿ ಪ್ಯಾಂಟಿನ ಮೇಲೆ ಜೋತಾಡುತ್ತಿತ್ತು. ಬೇಡ, ಆಯಾಸ ಆಗುತ್ತೆ, ಮನೆಯಲ್ಲಿರು ಎಂದು ಅವಳು ಎಷ್ಟು ಹೇಳಿದ್ದಳು. "ಸನ್ನೆ ಹುಟ್ಟಿಸಿದವನು ನಾನು, ಅದು ನೆಟ್ಟಗೆ ನಡೀತದಾ ಅಂತ ನಾನು ನೋಡಬಾರದಾ?" ಎಂದಿದ್ದ. ಸರಿಯಾಗಿ ಅವಳ ದೀಪದ ಎದುರಿನ ಕುರ್ಚಿಯಲ್ಲಿ ಕೂತು, ಅಷ್ಟು ದೂರದಿಂದಲೇ, "ಆ ಬೆಳಕಿನಲ್ಲಿ ನೀನು ಟೊಮೇಟೊ ಥರ ಕಾಣ್ತೀಯ" ಎಂದು ಕೈ ಬೀಸಿ ಹೇಳಿ ನಕ್ಕ. ನಗುವಾಗ ಅಪ್ಪನ ಗಂಟಲಿನಿಂದ ಒಂದು ದೊಡ್ಡ ಒರಟು ಸದ್ದು ಬರುತ್ತದೆ, ಅವನಿಗೆ ತಿಳಿಯದ ಸದ್ದು. ಪಕ್ಕದ ಸಾಲಿನಲ್ಲಿದ್ದ ರೇಷ್ಮೆ ಸೀರೆಯ ಹೆಂಗಸು ಬೆಚ್ಚಿ, ಮಡಿಲ ಮೇಲಿನ ಚೀಲವನ್ನು ಎದೆಗೆ ಎಳೆದುಕೊಂಡಳು. ಅಪ್ಪ ಆಕೆಗೂ ನಗುತ್ತ ಕೈಮುಗಿದ. ಆಕೆ ಗಂಡನ ಕಡೆ ತಿರುಗಿಕೊಂಡಳು. ಬಾಲ್ಯದಲ್ಲಾಗಿದ್ದರೆ ಅವಳು ಅಪ್ಪನ ಬಾಯಿ ಮುಚ್ಚಿಸುತ್ತಿದ್ದಳು, ಬಸ್ಸಿನಲ್ಲಿ ಎಷ್ಟೋ ಸಲ ಮುಚ್ಚಿಸಿದ್ದಳು, ತನ್ನ ಪುಟ್ಟ ಅಂಗೈಯನ್ನು ಆ ಮೀಸೆಯ ಮೇಲೆ ಒತ್ತಿ. ಈಗ ಆ ನಗು ಇನ್ನಷ್ಟು ಜೋರಾಗಿರಲಿ, ಆ ಚೀಲದ ಹೆಂಗಸಿನ ಏಳೇಳು ಜನ್ಮಕ್ಕೂ ಕೇಳಿಸಲಿ ಎನಿಸಿತು. ಎಷ್ಟು ದಿನ ನಗುತ್ತಾನೆ ಎಂದೂ ಎನಿಸಿತು. ಎನಿಸಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಕತ್ತಲಾಯಿತು. ನಕ್ಷತ್ರ ಬಂದವು. ಮಂದಿ "ಹಾ" ಎಂದರು. ಪ್ರೊಫೆಸರು ಮಾತು ಶುರುಮಾಡಿದರು, ಅವಳ ಕೈಗಳು ಹೊರಟವು. ಕೆಲಸಕ್ಕೆ ನಿಂತರೆ ಅವಳಿಗೆ ಒಂದು ಸುಖವಿದೆ. ತಾನು ಇಲ್ಲವಾಗುವ ಸುಖ, ಇನ್ನೊಬ್ಬರ ಮಾತು ಕಿವಿಯಿಂದ ಹೊಕ್ಕು ಬೆರಳಿಂದ ಹೊರಡುವಾಗ ನಡುವೆ ಯಾವ ಸಂಕಟವೂ ಇರುವುದಿಲ್ಲ. ಇವತ್ತು ಅದು ಬರಲಿಲ್ಲ. ಕಿವಿಯಿದ್ದವರೆಲ್ಲ ಕತ್ತು ಎತ್ತಿ ಆಕಾಶ ನೋಡುತ್ತ ಮಾತು ಕೇಳುತ್ತಿದ್ದರು. ಸಂಘದವರಿಗೆ ಆ ಭಾಗ್ಯವಿಲ್ಲ; ಆಕಾಶ ನೋಡಿದರೆ ಮಾತು ತಪ್ಪಿತು, ಮಾತು ನೋಡಿದರೆ ಆಕಾಶ ತಪ್ಪಿತು. ಅವರು ಮೇಲೊಮ್ಮೆ ಅವಳನ್ನೊಮ್ಮೆ ನೋಡುತ್ತ ಪರದಾಡುತ್ತಿದ್ದರು. ಅಪ್ಪನೊಬ್ಬ ಮೇಲೆ ನೋಡಲೇ ಇಲ್ಲ. ಪ್ರೊಫೆಸರು ನೀರು ಕುಡಿಯುವಾಗ ಅವಳು ಗಲ್ಲ ಎತ್ತಿ "ಮೇಲೆ ನೋಡು, ಚೆನ್ನಾಗಿದೆ" ಎಂದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಕೆಂಪು ಬೆಳಕಿನ ಅಂಚಿನಲ್ಲಿ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅವಳ ಕೈಯ ಮೇಲೆ ನೆಟ್ಟ, ಕದಲದ ಕಣ್ಣುಗಳು. "ಈ ಹೆಸರನ್ನ ಈಗ ಎಲ್ಲರೂ ಎಲ್ಲದಕ್ಕೂ ಬಳಸ್ತಾರೆ," ಎನ್ನುತ್ತಿದ್ದರು ಪ್ರೊಫೆಸರು. "ನನ್ನ ಹೆಂಡತಿ ನನ್ನ ತಲೆಯೊಳಗಿರೋದಕ್ಕೂ ಕಪ್ಪು ದ್ರವ್ಯ ಅಂತಾಳೆ." ಜನ ನಕ್ಕರು, ಅರೆಗಳಿಗೆ ಬಿಟ್ಟು, ಅವಳ ಕೈ ಮುಗಿದ ಮೇಲೆ, ಮುಂದಿನ ಎರಡು ಸಾಲು ನಕ್ಕಿತು. "ಆದರೆ ನಾವು ಹಾಗೆ ಬಳಸೋ ಹಾಗಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಈ ಹೆಸರಲ್ಲ. ಇದೆ ಅನ್ನೋದು ಖಚಿತ, ಎಷ್ಟು ತೂಕ ಅನ್ನೋದೂ ಗೊತ್ತು, ಏನು ಅನ್ನೋದೊಂದು ಗೊತ್ತಿಲ್ಲ. ಅಂಥ ಕಡೆ ಮಾತ್ರ ಈ ಮಾತು. ನಮ್ಮ ಕಣ್ಣಿಗೆ ಕಾಣೋ ವಸ್ತು ಎಲ್ಲ ಒಟ್ಟು ಮಾಡಿದರೂ ಇದು ಅದರ ಐದು ಪಟ್ಟು ಇದೆ." ಗೊತ್ತಿಲ್ಲ ಎಂಬ ಸನ್ನೆ ಮಾಡುವಾಗ ಅವಳ ಬೆರಳು ಹಣೆಯ ಹತ್ತಿರ ತಡವರಿಸಿತು. ಈ ಸನ್ನೆಯನ್ನು ಇವರು ಎಷ್ಟು ಪ್ರಾಮಾಣಿಕವಾಗಿ ಬಳಸುತ್ತಿದ್ದಾರೆ! ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಒಬ್ಬ ಮನುಷ್ಯ ಇಷ್ಟು ಜನರನ್ನು ಕೂಡಿಸಿಕೊಂಡು ನಿಂತಿದ್ದಾನೆ. ತಾನು, ಏನು ಎಂದು ಗೊತ್ತಿದ್ದು, ಎಲ್ಲಿ ಎಂದು ಗೊತ್ತಿದ್ದು, ಹೆಚ್ಚುಕಡಿಮೆ ಎಂದಿಗೆ ಎಂದೂ ಗೊತ್ತಿದ್ದು. ಅಪ್ಪ ಅದೇ ಹಣೆಯ ಬೆರಳನ್ನು ನೋಡುತ್ತಿದ್ದ.

ಭಾಷಣ ಮುಗಿದು ಪ್ರಶ್ನೆಗಳು ಶುರುವಾದವು. ನಕ್ಷತ್ರಗಳು ಹಾಗೇ ಇರಲಿ, ದೀಪ ಬೇಡ ಎಂದರು ಪ್ರೊಫೆಸರು. ಯಾರೋ ನಿವೃತ್ತ ಮೇಷ್ಟ್ರು ಪ್ರಶ್ನೆ ಕೇಳುವ ನೆಪದಲ್ಲಿ ತಾವೇ ಒಂದು ಭಾಷಣ ಮಾಡಿ ಕೂತರು. ಆಮೇಲೆ ಕೆಂಪು ಬೆಳಕಿನ ಅಂಚಿನಲ್ಲಿ ಒಂದು ಕೈ ಎದ್ದಿತು. ಬೇಡ ಎಂದುಕೊಂಡಳು. ಯಾಕೆ ಬೇಡ ಎಂದು ಅವಳಿಗೇ ಗೊತ್ತಿರಲಿಲ್ಲ. "ಹೇಳಿ ಹೇಳಿ, ಮುಂದಿನ ಸಾಲಿನ ಯಜಮಾನ್ರು," ಎಂದರು ಪ್ರೊಫೆಸರು. ಅಪ್ಪ ಎದ್ದು ಬೆಳಕಿಗೆ ಬಂದು, ವೇದಿಕೆಯ ಅಂಚಿಗೆ ಸೊಂಟ ಆನಿಸಿ ನಿಂತ. ಕಿವುಡರ ಮಾತಿಗೆ ಬಾಯಿ ಕೊಡುವಾಗ ದುಭಾಷಿ ವಾಕ್ಯ ಮುಗಿಯುವ ತನಕ ಕಾಯುವುದಿಲ್ಲ. ಕೈಯ ಹಿಂದೆಯೇ ಬಾಯಿ ಓಡುತ್ತದೆ, ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿಯುವ ಮೊದಲೇ ಅರ್ಧ ಆಡಿ ಆಗಿರುತ್ತದೆ. ಅವಳ ಕಾಲರಿಗೆ ಸಿಕ್ಕಿಸಿದ ಮೈಕಿನಲ್ಲಿ ಅವಳ ದನಿ ಗುಮ್ಮಟದ ತುಂಬ ಕೇಳಿಸಿತು. "ನಮಸ್ಕಾರ. ನಾನು ಪ್ರೆಸ್ಸಿನಲ್ಲಿ ಪೇಪರ್ ಕತ್ತರಿಸೋ ಮಿಷನ್ ಮೇಲೆ ಕೆಲಸ ಮಾಡಿದವನು. ಸುತ್ತ ಇರೋರ ಓಡಾಟ ನೋಡಿ ಕಾಣದ್ದು ಇದೆ ಅಂತ ಹೇಳಬಹುದು ಅಂದ್ರಿ. ನನ್ನ ಮನೇದೇ ಒಂದು ಉದಾಹರಣೆ ಕೊಡ್ತೀನಿ. ಸರಿನಾ, ತಪ್ಪಾ ಹೇಳಿ."

"ಕೊಡಿ, ಕೊಡಿ," ಎಂದರು ಪ್ರೊಫೆಸರು.

"ನನ್ನ ಮಗ ವರ್ಷಕ್ಕೊಂದು ಸಲ ತಲೆ ಹಾಕ್ತಿದ್ದವನು. ಈಗ ಭಾನುವಾರ ತಪ್ಪಿಸಲ್ಲ. ಬಂದವನು ನನ್ನ ಮುಖ ನೋಡಲ್ಲ, ಗೋಡೆ ನೋಡ್ತಾನೆ. ಪ್ರೆಸ್ಸಿನ ಮಾಲೀಕ ಜಿಪುಣಾಗ್ರೇಸರ, ಮೊನ್ನೆ ಮನೆಗೆ ಸೇಬು ತಂದುಕೊಟ್ಟ, ನಾಲ್ಕೂ ಚೆನ್ನಾಗಿರೋದೇ." ಕತ್ತಲಲ್ಲಿ ಜನ ಗೊಳ್ಳೆಂದರು. "ನಾನು ಇಸ್ಪೀಟಿನಲ್ಲಿ ಮೋಸ ಮಾಡ್ತೀನಿ. ಮೊದಲಿಂದಲೂ ಮಾಡ್ತೀನಿ. ನನ್ನ ಮಗಳು..." ಅವಳ ದನಿ ನಿಂತಿತು. ಅಪ್ಪನ ಕೈಯೂ ನಿಂತಿತು. ಅವಳ ಬಾಯಿಯನ್ನೇ ನೋಡುತ್ತ ಅವನು ಕಾದ. ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಕಾರ್ಯದರ್ಶಿಯೂ ಬಾಗಿ ಅವಳ ತುಟಿ ನೋಡುತ್ತಿದ್ದಳು. ಆಕೆಗೆ ತುಟಿ ಓದಲು ಬರುತ್ತದೆ. ಮೆತ್ತಗೆ ಮಾಡುವ ದಾರಿಯೇ ಇರಲಿಲ್ಲ. "ನನ್ನ ಮಗಳು ಮೊದಲೆಲ್ಲ ಎಲೆ ಎಸೆದು, ಬಾಯಿಗೆ ಬಂದ ಹಾಗೆ ಬೈದು, ಎದ್ದು ಹೋಗ್ತಿದ್ದಳು. ಈಗ ಕಣ್ಣಾರೆ ನೋಡಿಯೂ ಸುಮ್ಮನೆ ಸೋಲ್ತಾಳೆ." ಮತ್ತೆ ನಗು. ಅಪ್ಪನ ಕೈಗಳು ಈಗ ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿಟ್ಟ ಹಾಗೆ, ಎಳೆಯ ಮಗುವಿಗೆ ಹೇಳಿಕೊಡುವ ಹಾಗೆ ಆಡುತ್ತಿದ್ದವು. "ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳ್ತಾಳೆ. ಹೊರಗೆ ಬಂದಾಗ ಕಣ್ಣು ಕೆಂಪು, ಟ್ಯಾಂಕ್ ಖಾಲಿ ಆಗಿರುತ್ತೆ, ಒಂದು ಬಟ್ಟೆಯೂ ಒಗೆದಿರಲ್ಲ. ಅಳೋದು ಕೇಳಿಸಬಾರದು ಅಂತ ನಲ್ಲಿ ಬಿಡ್ತಾಳೆ. ಯಾರಿಗೆ ಕೇಳಿಸಬಾರದು? ಮನೇಲಿರೋನು ನಾನೊಬ್ಬನೇ. ನಾನು ಕಿವುಡ."

ಯಾರೂ ನಗಲಿಲ್ಲ. ಹೌದಲ್ಲ, ಎಂದು ಅವಳೊಳಗೆ ಯಾರೋ ಅಂದರು, ಹೌದಲ್ಲ, ಎಷ್ಟು ದಿನ ಬಿಟ್ಟೆ ಆ ನಲ್ಲಿಯನ್ನು, ಒಂದು ಸಲವೂ ಹೊಳೆಯಲಿಲ್ಲವಲ್ಲ; ಕಿವುಡರ ಮನೆಯಲ್ಲಿ ಹುಟ್ಟಿ ಬೆಳೆದವಳು ತಾನು. ಕೈ ಮುಂದೆ ಹೋಯಿತು, ಬಾಯಿ ಹಿಂದೆ ಹೋಯಿತು. "ಎಲ್ಲರೂ ನನ್ನ ಸುತ್ತ ಹೀಗೆ ಜೋರಾಗಿ ತಿರುಗ್ತಿದಾರೆ. ಕೇಳಿದರೆ ಏನೂ ಇಲ್ಲ, ಗೊತ್ತಿಲ್ಲ, ನೋಡೋಣ ಅಂತಾರೆ. ನನ್ನೊಳಗೆ ಏನೋ ಇದೆ, ದೊಡ್ಡದೇ ಇದೆ, ಅಂತ ನಾನು ಹೇಳಿದರೆ ನಿಮ್ಮ ಲೆಕ್ಕದಲ್ಲಿ ಸರಿನಾ?" ನನ್ನೊಳಗೆ ಎಂದು ಅವಳ ದನಿಯೇ ಹೇಳಿತು, ಗುಮ್ಮಟದ ನಾಲ್ಕೂ ಕಡೆಯಿಂದ ಅವಳಿಗೇ ವಾಪಸು ಬಂತು.

ಪ್ರೊಫೆಸರು ಚಪ್ಪಾಳೆ ತಟ್ಟಿದರು. "ಭೇಷ್! ನೋಡ್ರಪ್ಪ, ಮುಕ್ಕಾಲು ಗಂಟೆ ನಾನು ಒದ್ದಾಡಿದ್ದನ್ನ ಇವರು ಎರಡು ನಿಮಿಷದಲ್ಲಿ ಕಥೆ ಕಟ್ಟಿ ಹೇಳಿಬಿಟ್ಟರು. ಖಂಡಿತ ಸರಿ ಯಜಮಾನ್ರೇ. ಇದೆ, ಅನುಮಾನವೇ ಬೇಡ. ಇಷ್ಟು ಜನರನ್ನ ಎಳೀಬೇಕಾದರೆ ಅದು ಸಣ್ಣದಲ್ಲ, ಭಾರೀ ತೂಕದ್ದೇ!" ಎಷ್ಟು ಖುಷಿಯಾಗಿತ್ತು ಆ ಮನುಷ್ಯನಿಗೆ. ಅವಳಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಅಪ್ಪ ಕಾಯುತ್ತಿದ್ದ. ಮುಂದಿನ ಎರಡು ಸಾಲು ಕಾಯುತ್ತಿತ್ತು. ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅವಳು ಕೈ ಎತ್ತಿದಳು. ಖಂಡಿತ ಸರಿ, ಎಂದವು ಕೈಗಳು. ಇದೆ. ಅನುಮಾನ ಬೇಡ. ಸಣ್ಣದಲ್ಲ. ತುಂಬ ಭಾರ. ಆಸ್ಪತ್ರೆಯಿಂದ ಬಂದ ಮೇಲೆ ಇವತ್ತು ಮೊದಲ ಸಲ ಕೈ ಗೊಣಗಲಿಲ್ಲ.

ಅಪ್ಪ ಅದನ್ನು ಓದಿದ. ಆಮೇಲೆ ಬೆನ್ನನ್ನು ಸಭೆಗೆ ಮಾಡಿ, ಕೈಗಳನ್ನು ಎದೆಗೆ ಒತ್ತಿಕೊಂಡು, ಬೇರ್ಯಾರಿಗೂ ಕಾಣದಷ್ಟು ಸಣ್ಣದಾಗಿ ಸನ್ನೆ ಮಾಡಿದ. ಕಿವುಡರು ಪಿಸುಗುಟ್ಟುವುದು ಹಾಗೆ. "ಇದು ಅವರು ಹೇಳಿದ್ದಾ, ನೀನು ಹೇಳಿದ್ದಾ?"

"ಏನಂತೆ, ಏನಂತೆ?" ಎಂದರು ಪ್ರೊಫೆಸರು ಉತ್ಸಾಹದಿಂದ.

"ನಿಮಗೆ ಥ್ಯಾಂಕ್ಸ್ ಅಂತೆ," ಎಂದಿತು ಅವಳ ಬಾಯಿ. ಕೈ ತೋರುಬೆರಳೊಂದನ್ನು ಮಡಿಸದೆ ಉಳಿಸಿ ಅವಳ ಎದೆಯ ಮೇಲಿಟ್ಟಿತು. ನಾನು. ನಾನು ಹೇಳಿದ್ದು, ಅಪ್ಪ. ಅವನು ಆ ಬೆರಳನ್ನು ನೋಡಿದ. ತಲೆಯಾಡಿಸಿದ, ಡಾಕ್ಟರರ ಎದುರು ಆಡಿಸಿದ ಹಾಗಲ್ಲ. ಒಂದೇ ಸಲ, ಕೆಳಕ್ಕೆ. ತಿರುಗಿ, ಕುರ್ಚಿಯ ತೋಳು ತಡಕಿ ಹಿಡಿದು, ಕೂತ. ರೇಷ್ಮೆ ಸೀರೆಯ ಹೆಂಗಸು ಅವನಿಗೆ ಕೂರಲು ಅನುವಾಗಲೆಂದು ಕಾಲು ಸರಿಸಿದಳು.

ವೇದಿಕೆಯಿಂದ ಇಳಿದು ಹೋಗಬೇಕು, ಅಷ್ಟೇ, ನಾಲ್ಕು ಹೆಜ್ಜೆ. ಆದರೆ ಹಿಂದಿನ ಸಾಲಿನಿಂದ ಯಾರೋ ಗಂಡಸು "ಸರ್, ಹಾಗಾದರೆ ಕಪ್ಪು ರಂಧ್ರ ಅಂದರೂ ಇದೇನಾ?" ಎಂದು ಕೇಳಿಯಾಗಿತ್ತು, ಪ್ರೊಫೆಸರು "ಒಳ್ಳೇ ಪ್ರಶ್ನೆ, ಅದೇ ಬೇರೆ, ಇದೇ ಬೇರೆ" ಎಂದು ಶುರು ಮಾಡಿಯಾಗಿತ್ತು, ಸಂಘದ ಉಳಿದವರ ಕಣ್ಣುಗಳೆಲ್ಲ ಅವಳ ಕೈಗೆ ಬಂದು ನಿಂತಾಗಿತ್ತು. ಅವರಿಗೆ ಅವಳನ್ನು ಬಿಟ್ಟರೆ ಗತಿಯಿಲ್ಲ. ಕೈಗಳು ಕಪ್ಪು ರಂಧ್ರದ ವಿಷಯ ಹೇಳತೊಡಗಿದವು. ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯುವುದು, ಅದರ ಅಂಚು ದಾಟಿದ ಬೆಳಕು ಮತ್ತೆ ಹೊರಬರದಿರುವುದು. ಹೇಳುತ್ತ ಅವಳು ಅಪ್ಪನನ್ನು ಹುಡುಕಿದಳು. ಕುರ್ಚಿಗೆ ತಲೆ ಆನಿಸಿ, ಮುಖ ಮೇಲೆ ಮಾಡಿ ಕೂತಿದ್ದ. ಕೊನೆಗೂ ಆಕಾಶ ನೋಡುತ್ತಿದ್ದಾನೆ ಎಂದುಕೊಂಡಳು. ಕಣ್ಣು ಮುಚ್ಚಿದ್ದವು. ನಿದ್ದೆಯಲ್ಲ, ಕೈಗಳು ತೊಡೆಯ ಮೇಲೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಕಣ್ಣು ಮುಚ್ಚಿದರೆ ಅಪ್ಪನಿಗೆ ಲೋಕದ ಯಾವ ಮಾತೂ ಇಲ್ಲ, ಯಾರೂ ಇಲ್ಲ. ತೆರೆ, ಎಂದು ಅವಳ ಮೈಯೆಲ್ಲ ಕೂಗಿತು, ಒಂದು ಸಲ ತೆರೆ, ಪೂರ್ತಿ ಹೇಳ್ತೀನಿ, ಬೈಸ್ಕೋತೀನಿ, ಹೆದರಿಕೆ ಆಗ್ತಿದೆ ನನಗೆ. ಹೇಳುವ ಕೈಗಳು ಬೇರೆಯವರ ಕೆಲಸದಲ್ಲಿದ್ದವು. ಉಳಿದದ್ದು ಬಾಯಿ ಒಂದೇ. "ಅಪ್ಪಾ," ಎಂದಳು. ಅಷ್ಟು ಮೆಲ್ಲಗೆ ಅಂದದ್ದು, ಕಾಲರಿನ ಮೈಕಿನಿಂದ ಹೊರಟು ಗುಮ್ಮಟದ ತುಂಬ ಕೇಳಿಸಿತು. ಪ್ರೊಫೆಸರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಆಪರೇಟರನಿಗೂ, ರೇಷ್ಮೆ ಸೀರೆಯ ಹೆಂಗಸಿಗೂ, ಕತ್ತಲಲ್ಲಿ ಕೂತಿದ್ದ ಅಷ್ಟೂ ಅಪರಿಚಿತರಿಗೂ ಅದು ಕೇಳಿಸಿತು. ಅಪ್ಪ ಕಣ್ಣು ತೆರೆಯಲಿಲ್ಲ.